ಪರಿಹಾರ: ಕರುಣೆಯೋ, ಋಣವೋ?

ಕೊಲೆಯೊಂದು ನಡೆದ ಮರುದಿನ ಪತ್ರಿಕೆಗಳಲ್ಲಿ ಎರಡು ಸುದ್ದಿಗಳು ಅಕ್ಕಪಕ್ಕದಲ್ಲೇ ಬರುತ್ತವೆ. ಆರೋಪಿಗಳ ಪತ್ತೆಗೆ ಪೊಲೀಸ್ ತಂಡ ರಚನೆಯಾಯಿತೆಂಬುದು ಒಂದು. ಮೃತರ ಕುಟುಂಬಕ್ಕೆ ಸರಕಾರ ಇಷ್ಟು ಲಕ್ಷ ಪರಿಹಾರ ಘೋಷಿಸಿತೆಂಬುದು ಇನ್ನೊಂದು. ಮೊದಲನೆಯದನ್ನು ನಾವು ಸರಕಾರದ ಕರ್ತವ್ಯವೆಂದು ಓದುತ್ತೇವೆ, ಎರಡನೆಯದನ್ನು ಅದರ ಔದಾರ್ಯವೆಂದು ಓದುತ್ತೇವೆ. ಆದ್ದರಿಂದಲೇ ಪರಿಹಾರ ಸಿಕ್ಕವರು ಕೃತಜ್ಞತೆ ಹೇಳುತ್ತಾರೆ, ಸಿಗದವರು ಹಣೆಬರಹವೆಂದು ಸುಮ್ಮನಾಗುತ್ತಾರೆ. ಈ ಓದಿನಲ್ಲೇ ಏನೋ ತಪ್ಪಿದೆಯೆಂದು ನಮಗೆ ಅನಿಸುತ್ತದೆ.

ಕೊಂದವನು ಯಾರೋ, ಸತ್ತವನು ಯಾರೋ. ನಡುವೆ ಸರಕಾರ ಏಕೆ ಹಣ ಕೊಡಬೇಕು? ತೆರಿಗೆ ಕಟ್ಟುವ ನಾವು ಆ ಕೊಲೆಯಲ್ಲಿ ಪಾಲುದಾರರೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದು ಹೊಸ ಪ್ರಶ್ನೆಯಲ್ಲ. ಸುಮಾರು 3,700 ವರ್ಷಗಳ ಹಿಂದಿನ ಬ್ಯಾಬಿಲೋನಿನ ಹಮ್ಮುರಾಬಿಯ ಕಾನೂನು ಇದಕ್ಕೆ ಉತ್ತರ ಕೊಟ್ಟಿತ್ತು. ದರೋಡೆಕೋರ ಸಿಕ್ಕಿಬೀಳದಿದ್ದರೆ ಕಳೆದುಕೊಂಡವನಿಗೆ ಆ ಊರು ಮತ್ತು ಅದರ ಅಧಿಕಾರಿ ನಷ್ಟ ತುಂಬಿಕೊಡಬೇಕು, ಜೀವ ಹೋಗಿದ್ದರೆ ಬಂಧುಗಳಿಗೆ ಬೆಳ್ಳಿ ಕೊಡಬೇಕು ಎಂದು ಅದು ವಿಧಿಸಿತ್ತು. ಕಳ್ಳರ ಕೈಸೇರಿದ ಸೊತ್ತನ್ನು ಹಿಂದೆ ತರಲಾಗದ ರಾಜ ತನ್ನದರಿಂದಲೇ ತುಂಬಿಕೊಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವೂ ಹೇಳುತ್ತದೆ. ಕಾಯುವುದಾಗಿ ಹೇಳಿ ಕಂದಾಯ ಪಡೆದವನು ಕಾಯದಿದ್ದರೆ ಸಾಲಗಾರನಾಗುತ್ತಾನೆ ಎಂಬುದು ಈ ಎರಡರ ತಿರುಳು.

ಇಸ್ಲಾಮೀ ನ್ಯಾಯಶಾಸ್ತ್ರದಲ್ಲೂ ಇದಕ್ಕೆ ಸಮೀಪದ ಒಂದು ಪ್ರಸಂಗವಿದೆ. ಅನ್ಸಾರ್‌ಗಳಲ್ಲೊಬ್ಬರು ಖೈಬರ್‌ನಲ್ಲಿ ಕೊಲೆಯಾಗಿ ಬಿದ್ದಿದ್ದರು. ಕೊಂದವರು ಯಾರೆಂದು ಸಾಬೀತಾಗಲಿಲ್ಲ. ಕಣ್ಣಾರೆ ಕಾಣದ್ದಕ್ಕೆ ಪ್ರಮಾಣ ಮಾಡಲು ಮೃತರ ಬಂಧುಗಳು ಒಪ್ಪಲಿಲ್ಲ. ಆಗ ಆ ರಕ್ತ ವ್ಯರ್ಥವಾಗಬಾರದೆಂದು ಪ್ರವಾದಿ ಮುಹಮ್ಮದ್(ಸ) ತಾವೇ ನೂರು ಒಂಟೆಗಳನ್ನು ಕೊಡಿಸಿದರೆಂದು ಹದೀಸ್ ಗ್ರಂಥಗಳು ದಾಖಲಿಸಿವೆ. ಕೊಲೆಗಾರ ಪತ್ತೆಯಾಗದಿದ್ದರೆ ಬೈತುಲ್‌ಮಾಲ್, ಅಂದರೆ ಸಾರ್ವಜನಿಕ ಖಜಾನೆ ಹೊಣೆ ಹೊರಬೇಕೆಂಬ ವಿದ್ವಾಂಸರ ಅಭಿಪ್ರಾಯಕ್ಕೆ ಇಂತಹ ಪ್ರಸಂಗಗಳೇ ಆಧಾರ.

ಆಧುನಿಕ ರಾಷ್ಟ್ರಗಳು ಈ ಮಾತಿಗೆ ಮರಳಿದ್ದು ಬಹಳ ತಡವಾಗಿ. ಇಂಗ್ಲೆಂಡಿನ ಸಮಾಜ ಸುಧಾರಕಿ ಮಾರ್ಜರಿ ಫ್ರೈ 1950ರ ದಶಕದಲ್ಲಿ ಈ ವಿಷಯವನ್ನು ಎತ್ತಿದರು. ನ್ಯೂಝಿಲೆಂಡ್ 1963ರಲ್ಲಿ ಕಾನೂನು ಮಾಡಿತು. ಮರುವರ್ಷ ಬ್ರಿಟನ್ ಯೋಜನೆ ತಂದಿತು. 1985ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಪರಾಧದ ಬಲಿಪಶುಗಳ ಹಕ್ಕುಗಳ ಘೋಷಣೆ ಹೊರಡಿಸಿತು. ನಮ್ಮ ದೇಶದಲ್ಲಿ ಬಹುಕಾಲ ಇದ್ದದ್ದು ಒಂದೇ ದಾರಿ: ಅಪರಾಧಿಗೆ ಶಿಕ್ಷೆಯಾದರೆ, ನ್ಯಾಯಾಲಯಕ್ಕೆ ಮನಸ್ಸಾದರೆ, ಅವನು ಕಟ್ಟಿದ ದಂಡದಲ್ಲಿ ಸ್ವಲ್ಪ ಸಂತ್ರಸ್ತರಿಗೆ ಸಿಗುತ್ತಿತ್ತು. ಶಿಕ್ಷೆಯಾಗಲು ಹತ್ತು ವರ್ಷ ಹಿಡಿದರೆ, ಅಪರಾಧಿ ಕೈಯಲ್ಲಿ ಕಾಸಿಲ್ಲದವನಾದರೆ ಆ ದಾರಿ ಅಲ್ಲಿಗೇ ಮುಗಿಯುತ್ತಿತ್ತು.

2009ರ ಡಿಸೆಂಬರ್ 31ರಿಂದ ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಮು ಜಾರಿಗೆ ಬಂತು. ಪ್ರತಿ ರಾಜ್ಯವೂ ಸಂತ್ರಸ್ತರಿಗಾಗಿ ನಿಧಿಯಿಡಬೇಕೆಂದಿತು. ಕರ್ನಾಟಕದ ಯೋಜನೆ 2011ರಲ್ಲಿ ಬಂತು. 2024ರ ಜುಲೈ 1ರಿಂದ ಇದೇ ವಿಧಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮಾಗಿ ಮುಂದುವರಿದಿದೆ. ಇದರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಮಾತೊಂದಿದೆ. ಅಪರಾಧಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಸಂತ್ರಸ್ತರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ಚಿಕಿತ್ಸೆಗೆ ತುರ್ತು ನೆರವನ್ನೂ ಕೊಡಿಸಬಹುದು. ಆಸಿಡ್ ದಾಳಿಗೆ ಗುರಿಯಾದವರಿಗೆ ಕನಿಷ್ಠ ಮೂರು ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಮ್ ಕೋರ್ಟ್ 2013ರಲ್ಲಿ ಆದೇಶಿಸಿತು. ಮಹಿಳಾ ಸಂತ್ರಸ್ತರಿಗಾಗಿ 2018ರಲ್ಲಿ ರೂಪಿಸಿದ ರಾಷ್ಟ್ರೀಯ ಯೋಜನೆಯಲ್ಲಿ ಜೀವಹಾನಿಗೆ ಐದರಿಂದ ಹತ್ತು ಲಕ್ಷ, ಅತ್ಯಾಚಾರಕ್ಕೆ ನಾಲ್ಕರಿಂದ ಏಳು ಲಕ್ಷ ರೂಪಾಯಿ ನಿಗದಿಯಾಯಿತು.

ಹೀಗೆ ಕಾನೂನು ಇದನ್ನು ಹಕ್ಕೆಂದು ಒಪ್ಪಿದೆ. ಆದರೆ ನಮ್ಮ ಸರಕಾರಗಳ ಮನಸ್ಸು ಒಪ್ಪಿದೆಯೇ?

2022ರ ಜುಲೈಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹತ್ತು ದಿನಗಳೊಳಗೆ ಮೂವರು ಯುವಕರು ಹತರಾದರು. ಬೆಳ್ಳಾರೆ ಪರಿಸರದಲ್ಲಿ ಒಬ್ಬ ಮುಸ್ಲಿಮ್ ಮತ್ತು ಒಬ್ಬ ಹಿಂದೂ, ಸುರತ್ಕಲ್‌ನಲ್ಲಿ ಇನ್ನೊಬ್ಬ ಮುಸ್ಲಿಮ್. ಮುಖ್ಯಮಂತ್ರಿಗಳು ಹಿಂದೂ ಯುವಕನ ಮನೆಗೆ ಹೋಗಿ 25 ಲಕ್ಷ ರೂಪಾಯಿ ಪರಿಹಾರ ನೀಡಿದರು. ಉಳಿದೆರಡು ಮನೆಗಳಿಗೆ ಆ ಸರಕಾರದಿಂದ ಅಂಥ ಪರಿಹಾರ ಬರಲಿಲ್ಲ. ಸರಕಾರ ಬದಲಾದ ಬಳಿಕ, 2023ರ ಜೂನ್‌ನಲ್ಲಿ, ಆ ಇಬ್ಬರ ಜೊತೆಗೆ ಅದೇ ಸುರತ್ಕಲ್ ಭಾಗದಲ್ಲಿ 2018ರ ಜನವರಿಯಲ್ಲಿ ಹತನಾದ ಹಿಂದೂ ಯುವಕನ ಕುಟುಂಬಕ್ಕೂ, 2022ರ ಡಿಸೆಂಬರ್‌ನಲ್ಲಿ ಹತರಾದ ಮುಸ್ಲಿಮ್ ವ್ಯಾಪಾರಿಯ ಕುಟುಂಬಕ್ಕೂ ತಲಾ 25 ಲಕ್ಷ ನೀಡಲಾಯಿತು. ತಾರತಮ್ಯ ಸರಿಪಡಿಸಿದ್ದು ಒಳ್ಳೆಯದೇ. ಆದರೆ ಒಂದು ಮನೆಯ ಕಣ್ಣೀರು ಗೌರವ ಪಡೆಯಲು ಚುನಾವಣೆಯ ಫಲಿತಾಂಶ ಬರಬೇಕಾಯಿತೆಂದರೆ ಅದು ನ್ಯಾಯವೆನಿಸುವುದಿಲ್ಲ. ಮೊದಲ ಮನೆಗೆ ಕೊಟ್ಟದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಅಲ್ಲಿಯೂ ಒಬ್ಬ ಮಗ, ಒಬ್ಬ ಗಂಡ ಸತ್ತಿದ್ದಾನೆ. ಕೊಡುವುದು ಅವರಲ್ಲಿಗೇ ನಿಂತದ್ದು ತಪ್ಪು.

ಕರುಣೆಯ ಸ್ವಭಾವವೇ ಹೀಗೆ. ಅದು ತನಗೆ ಬೇಕಾದವರನ್ನು ಆರಿಸಿಕೊಳ್ಳುತ್ತದೆ, ಕೊಟ್ಟದ್ದನ್ನು ಹಿಂದೆಗೆದುಕೊಳ್ಳಲೂಬಹುದು. 2019ರ ಡಿಸೆಂಬರ್ 19ರಂದು ಮಂಗಳೂರಿನ ಗೋಲಿಬಾರ್‌ನಲ್ಲಿ ಸತ್ತ ಇಬ್ಬರ ಕುಟುಂಬಗಳಿಗೆ ಘೋಷಿಸಿದ ತಲಾ 10 ಲಕ್ಷವನ್ನು ಕೆಲವೇ ದಿನಗಳಲ್ಲಿ ತನಿಖೆಯ ಹೆಸರಿನಲ್ಲಿ ತಡೆಹಿಡಿದದ್ದು ನಮಗೆ ನೆನಪಿದೆ. ಋಣಕ್ಕೆ ಈ ಸ್ವಾತಂತ್ರ್ಯವಿಲ್ಲ. ಸಾಲ ಕೊಟ್ಟವನ ಜಾತಿ, ಧರ್ಮ, ಪಕ್ಷ ನೋಡಿ ಸಾಲ ತೀರಿಸುತ್ತೇನೆನ್ನುವವನನ್ನು ನಾವು ಪ್ರಾಮಾಣಿಕನೆನ್ನುವುದಿಲ್ಲ.

ಇದು ಋಣ ಹೇಗೆ? ಪ್ರತಿಯೊಂದು ಅಪರಾಧವನ್ನೂ ತಡೆಯಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ, ನಿಜ. ಆದರೆ ಸರಕಾರ ನಮ್ಮಿಂದ ಒಂದನ್ನು ಪಡೆದಿದೆ. ನೊಂದವನು ಕಾನೂನನ್ನು ಕೈಗೆತ್ತಿಕೊಳ್ಳಬಾರದು, ಶಿಕ್ಷಿಸುವ ಅಧಿಕಾರ ತನಗೊಬ್ಬನಿಗೇ ಸೇರಿದ್ದು ಎಂದಿದೆ. ಅದು ಹಾಗೆಯೇ ಇರಬೇಕು; ಇಲ್ಲದಿದ್ದರೆ ಊರು ಉಳಿಯುವುದಿಲ್ಲ. ಆದರೆ ಮೊಕದ್ದಮೆ ಸರಕಾರದ ಹೆಸರಿನಲ್ಲಿ, ದಂಡ ಸಾಮಾನ್ಯವಾಗಿ ಸರಕಾರದ ಖಜಾನೆಗೆ, ಕೈದಿಯ ಊಟ ಸರಕಾರದ ಖರ್ಚಿನಲ್ಲಿ ಎಂದಾದ ಮೇಲೆ ವಿಧವೆಯಾದವಳು ಮಾತ್ರ ಸಾಕ್ಷಿಕಟ್ಟೆಗೆ ಬಂದು ಹೋಗುವ ಸಾಕ್ಷಿಯಾಗಿ ಉಳಿಯುವುದು ಯಾವ ನ್ಯಾಯ? ಪ್ರತೀಕಾರದ ದಾರಿಯನ್ನು ಮುಚ್ಚಿದವನು ಬದುಕಿನ ದಾರಿಯನ್ನು ತೆರೆದುಕೊಡಲೇಬೇಕು.

ಇನ್ನೊಂದು ಸಂಕಟವೂ ಇದೆ. ಹಣ ಪಡೆದರೆ ಸತ್ತವನ ರಕ್ತವನ್ನು ಮಾರಿದಂತಲ್ಲವೇ ಎಂದು ಅನೇಕ ಕುಟುಂಬಗಳು ಅಳುಕುತ್ತವೆ. ಈ ಅಳುಕಿಗೆ ಗೌರವ ಕೊಡಬೇಕು, ಆದರೆ ಅದರಲ್ಲೊಂದು ಗೊಂದಲವಿದೆ. ಕುರ್‌ಆನ್ ಹೇಳುವ ದಿಯತ್, ಅಂದರೆ ರಕ್ತ ಪರಿಹಾರ, ಕೊಂದವನ ಕಡೆಯಿಂದ ಬರುತ್ತದೆ. ಉದ್ದೇಶಪೂರ್ವಕ ಕೊಲೆಯಲ್ಲಿ ವಾರಸುದಾರರು ಅದಕ್ಕೆ ಒಪ್ಪಿದರೆ ಕೊಂದವನ ಜೀವ ಉಳಿಯುತ್ತದೆ. ಅಲ್ಲಿ ಹಣದ ಜೊತೆಗೆ ಕ್ಷಮೆಯೂ ಇದೆ. ಸರಕಾರದ ಪರಿಹಾರದಲ್ಲಿ ಅಂತಹ ಯಾವ ಕರಾರೂ ಇಲ್ಲ. ಅದನ್ನು ಪಡೆದವರು ಯಾರನ್ನೂ ಕ್ಷಮಿಸಿದಂತಾಗುವುದಿಲ್ಲ. 2002ರ ಗುಜರಾತ್ ಹಿಂಸಾಚಾರದಲ್ಲಿ ಎಲ್ಲವನ್ನೂ ಕಳೆದುಕೊಂಡ ಬಿಲ್ಕೀಸ್ ಬಾನು ಅವರಿಗೆ 50 ಲಕ್ಷ ರೂಪಾಯಿ, ಉದ್ಯೋಗ ಮತ್ತು ಮನೆ ನೀಡಬೇಕೆಂದು ಸುಪ್ರೀಮ್ ಕೋರ್ಟ್ 2019ರಲ್ಲಿ ಆದೇಶಿಸಿತ್ತು. ಆದರೂ 2022ರ ಆಗಸ್ಟ್‌ನಲ್ಲಿ ಹನ್ನೊಂದು ಅಪರಾಧಿಗಳನ್ನು ಅವಧಿಗೆ ಮುನ್ನ ಬಿಟ್ಟಾಗ ಅವರು ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2024ರ ಜನವರಿಯಲ್ಲಿ ಆ ಬಿಡುಗಡೆ ರದ್ದಾಯಿತು. ಪರಿಹಾರ ನ್ಯಾಯದ ಬಾಯಿಗೆ ಹಾಕುವ ಬೀಗವಲ್ಲವೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಆದರೆ ಅನೇಕ ಬಾರಿ ಸರಕಾರಗಳು ಪರಿಹಾರವನ್ನು ಬೀಗವಾಗಿಯೇ ಬಳಸುತ್ತವೆ. ಚೆಕ್ ಕೊಟ್ಟ ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ತನಿಖೆ ಎಲ್ಲಿಗೆ ಬಂತೆಂದು ಯಾರೂ ಕೇಳುವುದಿಲ್ಲ. ಕೇಳಬೇಕಾದವರು ನಾವು.

ನಮ್ಮಿಂದಾಗುವ ಕೆಲಸ ದೊಡ್ಡದೇನಲ್ಲ. ಮಸೀದಿ ಕಮಿಟಿಗಳು, ಯುವಕ ಸಂಘಗಳು, ಮಹಿಳಾ ಮಂಡಳಿಗಳು, ವಕೀಲ ಮಿತ್ರರು ಸಾವಿನ ಮನೆಗೆ ಸಾಂತ್ವನಕ್ಕೆ ಹೋಗುತ್ತಾರೆ. ಹೋದವರು ಕಾನೂನು ಸೇವಾ ಪ್ರಾಧಿಕಾರದ ಅರ್ಜಿಯನ್ನೂ ಜೊತೆಗೆ ಒಯ್ಯಲಿ, ಅದನ್ನು ತುಂಬಿಸಿ ಕೊಡಲಿ. ನಾಯಕರ ಭೇಟಿಗಾಗಿ ಕಾಯುವ ಅಗತ್ಯವಿಲ್ಲ. ಹತನಾದವನು ಯಾವ ಧರ್ಮದವನೆಂದು ಕೇಳದೆ ಈ ಕೆಲಸ ಮಾಡಲು ನಮಗೆ ಸಾಧ್ಯವಾದರೆ, ಸರಕಾರವೂ ಹಾಗೆಯೇ ಮಾಡಬೇಕೆಂದು ಕೇಳುವ ಅರ್ಹತೆ ನಮಗೆ ಬರುತ್ತದೆ.