ಪ್ರಣಯಚಿತ್ರಗಳಲ್ಲಿ ಆಕಸ್ಮಿಕ ಪರ್ಯವಸಾನ

ಕಥೆ ಹೇಳುವವನಿಗೂ ಕೇಳುವವನಿಗೂ ನಡುವೆ ಯಾರೂ ಬರೆದಿಡದ ಒಡಂಬಡಿಕೆಯೊಂದು ಇರುವುದು. ಹರಿಕಥೆಗೆ ಕುಳಿತವನು ಕೊನೆಯಲ್ಲಿ ಮಂಗಳ ಹಾಡುವರೆಂಬ ನೆಚ್ಚಿಕೆಯಿಂದಲೇ ಕುಳಿತಿರುವನು. ಕಂಬಳಿ ಹೊದ್ದು ಬಯಲಾಟಕ್ಕೆ ಬಂದವನು, ಬೆಳಗಾಗುವುದರೊಳಗೆ ಕೀಚಕನು ಸಾಯುವನೆಂಬುದನ್ನು ಮನೆಯಿಂದ ಹೊರಡುವಾಗಲೇ ಬಲ್ಲನು. ಚಲಚ್ಚಿತ್ರದಲ್ಲಿ ಈ ಒಡಂಬಡಿಕೆಯನ್ನು ಮಾಡಿಕೊಡುವವು ಗೋಡೆಯ ಚಿತ್ರಗಳು, ಮೊದಲೇ ಕಿವಿಗೆ ಬಿದ್ದ ಹಾಡುಗಳು, ನಾಯಕನ ಮುಖ. ಹದಿನೇಳರ ಹುಡುಗಿಯೊಬ್ಬಳು ಇವನ್ನೆಲ್ಲ ನಂಬಿ, ಪ್ರೇಮಕಥೆಯೆಂದು ಒಳಹೊಕ್ಕು, ಎರಡು ಗಂಟೆ ನಕ್ಕು ನಲಿದು, ಕೊನೆಯ ಐದು ನಿಮಿಷದಲ್ಲಿ ಕೊಲೆಯನ್ನು ಕಂಡು ಹೊರಬಂದರೆ ಅವಳಿಗೆ ವಂಚನೆಯಾಯಿತೆ? ಆಯಿತೆನ್ನುವವರು ಬಹುಮಂದಿ. ಅದನ್ನು ಕಲೆಯೆಂದು ಕೊಂಡಾಡುವವರೂ ಉಂಟು. ಪ್ರಶ್ನೆಯು ರುಚಿಗೆ ಸಂಬಂಧಿಸಿದುದೆಂದು ತಳ್ಳಿಬಿಡುವಂತಿಲ್ಲ. ಎಳೆಯರ ವಿಶ್ವಾಸವನ್ನು ಕೈಯಲ್ಲಿ ಹಿಡಿದವನು ಅದನ್ನು ಹೇಗೆ ಬಳಸಬೇಕೆಂಬ ಧರ್ಮದ ಮಾತು ಅದರೊಳಗಿದೆ.

ಪ್ರಾಚೀನ ಕವಿಗಳು ಈ ವಿಷಯದಲ್ಲಿ ಪ್ರೇಕ್ಷಕನ ಪಕ್ಷವನ್ನು ಹಿಡಿದವರು. ದುರ್ವಾಸನ ಶಾಪವು ಶಕುಂತಲೆಯ ಕಿವಿಗೆ ಬೀಳಲಿಲ್ಲ; ಆದರೆ ಸಖಿಯರಿಬ್ಬರ ಸಂಗಡ ಪ್ರೇಕ್ಷಕನು ಅದನ್ನು ಕೇಳಿದನು. ದುಷ್ಯಂತನ ಸಭೆಯಲ್ಲಿ ಆಕೆ ಬೆರಳನ್ನು ತಡವಿಕೊಂಡು ಉಂಗುರವಿಲ್ಲವೆಂದು ತಿಳಿಯುವ ಮೊದಲೇ ನೋಡುವವನ ಎದೆ ಒಡೆದಿರುತ್ತದೆ. ಷೇಕ್ಸ್‌ಪಿಯರನೂ ರೋಮಿಯೋ ಮತ್ತು ಜೂಲಿಯೆಟರ ನಾಟಕದ ಮೊದಲ ಪದ್ಯದಲ್ಲಿಯೇ ಪ್ರೇಮಿಗಳಿಬ್ಬರೂ ಸಾಯುವರೆಂದು ಹೇಳಿಬಿಟ್ಟನು. ಆ ನಾಟಕವನ್ನು ಇಂದಿಗೂ ಯಾರೂ ನೋಡದೆ ಬಿಟ್ಟಿಲ್ಲ. ಜರ್ಮನಿಯ ವಿಮರ್ಶಕ ಲೆಸ್ಸಿಂಗನು 1767ರಿಂದ 1769ರ ವರೆಗೆ ಹ್ಯಾಂಬರ್ಗಿನ ರಂಗಭೂಮಿಯನ್ನು ಕುರಿತು ಬರೆದ ಲೇಖನಗಳಲ್ಲಿ, ಮುಂದಾಗುವುದನ್ನು ಮೊದಲೇ ತಿಳಿಸುವ ಯೂರಿಪಿಡೀಸನ ಪದ್ಧತಿಯನ್ನು ಎತ್ತಿಹಿಡಿದನು. ಬೆಚ್ಚಿಬೀಳುವುದು ಕ್ಷಣದ ಮಾತು, ತಿಳಿದು ಕಾಯುವುದು ನಾಟಕದುದ್ದಕ್ಕೂ ಇರುವ ಮಾತೆಂಬುದು ಅವನ ವಾದದ ತಿರುಳು. ಅರಿಸ್ಟಾಟಲನು ಮಾತ್ರ ಬಾಗಿಲನ್ನು ಪೂರ್ತಿಯಾಗಿ ಮುಚ್ಚಲಿಲ್ಲ. ಘಟನೆಯು ಅನಿರೀಕ್ಷಿತವಾಗಿಯೂ ಇರಬಹುದು. ಆದರೆ ಹಿಂದಿನದರಿಂದಲೇ ಹುಟ್ಟಿದುದಾಗಿರಬೇಕೆಂದು ಅವನ ನಿಬಂಧನೆ. ಈಗಿನ ಚಿತ್ರಗಳನ್ನು ತೂಗುವುದಕ್ಕೆ ಈ ತಕ್ಕಡಿಯೇ ಸಾಕು.

2010ರ ಮಾರ್ಚಿಯಲ್ಲಿ ಅಮೆರಿಕದಲ್ಲಿ ತೆರೆಕಂಡ ‘ರಿಮೆಂಬರ್ ಮಿ’ ಎಂಬ ಚಿತ್ರವನ್ನು ತೆಗೆದುಕೊಳ್ಳಬಹುದು. ನಿರ್ದೇಶಕನು ಆಲೆನ್ ಕೋಲ್ಟರ್. ನಾಯಕನು ರಾಬರ್ಟ್ ಪ್ಯಾಟಿನ್ಸನ್. 2008ರ ‘ಟ್ವೈಲೈಟ್’ ಚಿತ್ರದಿಂದ ಹದಿಹರೆಯದ ಹುಡುಗಿಯರ ಕಣ್ಮಣಿಯಾಗಿದ್ದವನು. ಅವನ ಮುಖವನ್ನು ಕಾಣುವುದಕ್ಕಾಗಿಯೇ ಅವರು ಬಂದರೆಂಬುದು ನಿಸ್ಸಂಶಯ. ಕಥೆಯು ನ್ಯೂಯಾರ್ಕಿನದು. ಅಣ್ಣನ ಆತ್ಮಹತ್ಯೆಯಿಂದ ಒಳಗೇ ಕುದಿಯುತ್ತಿರುವ ತರುಣನೊಬ್ಬನು, ಬಾಲ್ಯದಲ್ಲಿ ಕಣ್ಣೆದುರಿಗೇ ತಾಯಿಯ ಕೊಲೆಯನ್ನು ಕಂಡ ತರುಣಿಯೊಬ್ಬಳನ್ನು ಪ್ರೀತಿಸುವನು. ತಂದೆಯೊಡನೆ ಅವನಿಗೆ ಮಾತಿಗೆ ಮಾತು ಬೆಳೆದು, ಚಿತ್ರದ ಕೊನೆಗೆ ಆ ಮುನಿಸು ಕರಗುವ ಹೊತ್ತು ಬರುವುದು. ತಂದೆಯ ಕಚೇರಿಗೆ ಬಂದು ಕಾದು ನಿಂತಿರುವನು. ತಂದೆಯು ಚಿಕ್ಕ ಮಗಳನ್ನು ಶಾಲೆಗೆ ಬಿಟ್ಟು ಬರುವುದಕ್ಕೆ ಹೋಗಿರುವುದರಿಂದ ಇನ್ನೂ ಬಂದಿರುವುದಿಲ್ಲ. ಆ ಶಾಲೆಯ ಕಪ್ಪುಹಲಗೆಯ ಮೇಲೆ ಉಪಾಧ್ಯಾಯಿನಿಯು ಅಂದಿನ ತಾರೀಖನ್ನು ಬರೆಯುವಳು: 2001ನೆಯ ಇಸವಿ ಸೆಪ್ಟೆಂಬರ್ 11. ತರುಣನು ನಿಂತ ಕಿಟಕಿಯಿಂದ ಕ್ಯಾಮೆರಾ ಹಿಂದೆ ಸರಿದಂತೆ, ಅದು ವಿಶ್ವವಾಣಿಜ್ಯ ಕೇಂದ್ರದ ಗೋಪುರವೆಂಬುದು ತಿಳಿಯುವುದು.

ಅಂದು ಆ ದಾಳಿಗಳಲ್ಲಿ ಸತ್ತವರು ಸುಮಾರು 3,000 ಮಂದಿ. ಆ ಮರಣಗಳು ಚಿತ್ರಕ್ಕೆ ಭಾರವನ್ನು ಕೊಟ್ಟವು. ಚಿತ್ರವು ಅವುಗಳಿಗೆ ಏನನ್ನು ಕೊಟ್ಟಿತೆಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ತರುಣನ ಕೋಪ, ತಂದೆಯ ಉದಾಸೀನ, ತಂಗಿಯ ಮೇಲಿನ ವಾತ್ಸಲ್ಯ, ಇವುಗಳಲ್ಲಿ ಯಾವುದೂ ಆ ವಿಮಾನವನ್ನು ಕರೆಯಲಿಲ್ಲ. ಸಾಲ ತಂದ ಒಡವೆಯಲ್ಲಿ ಮದುವಣಗಿತ್ತಿಯನ್ನು ಸಿಂಗರಿಸಿದಂತೆ, ಜನಾಂಗವೊಂದರ ಶೋಕವನ್ನು ತಂದು ಖಾಸಗಿ ಕಥೆಯೊಂದಕ್ಕೆ ತೊಡಿಸಿದ ಹಾಗಾಯಿತು.

ಆದರೂ ಪ್ರತಿವಾದವನ್ನು ಕೇಳದೆ ತೀರ್ಪು ಹೇಳುವುದು ನ್ಯಾಯವಲ್ಲ. ಆ ಮಂಗಳವಾರ ಬೆಳಗ್ಗೆ ಮನೆ ಬಿಟ್ಟವರಲ್ಲಿ ಯಾರಿಗೆ ತಾನೆ ಮುನ್ಸೂಚನೆಯಿತ್ತು? ಅವರ ಮುನಿಸುಗಳೂ ಪ್ರೇಮಗಳೂ ಅರ್ಧದಲ್ಲಿಯೇ ನಿಂತುಹೋದವು. ಕಾರಣವಿಲ್ಲದೆ ಬಂದ ಸಾವನ್ನು ಕಾರಣವಿಲ್ಲದೆಯೇ ತೋರಿಸಿದರೆ ಅದು ಸತ್ಯಕ್ಕೆ ಹತ್ತಿರವಲ್ಲವೆ? ಈ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಚಿತ್ರವು ಅದನ್ನು ತಾನೇ ನಂಬಿದಂತೆ ಕಾಣುವುದಿಲ್ಲ. ಸಾವು ಕಾರಣರಹಿತವೆಂದು ನಂಬಿದವನು ತಾರೀಖನ್ನು ಕೊನೆಯ ಗಳಿಗೆಯವರೆಗೆ ಬಚ್ಚಿಟ್ಟು, ಹಲಗೆಯ ಮೇಲೆ ಸುಣ್ಣದಲ್ಲಿ ಬರೆಯಿಸಿ, ಮಾಯಾವಿಯು ಕೈಬಿಚ್ಚಿ ತೋರಿಸುವಂತೆ ತೋರಿಸುವುದಿಲ್ಲ. ಮೊದಲಿನಿಂದಲೇ ದಿನ ತಿಳಿದಿದ್ದರೆ, ಹತ್ತಿರವಾಗುತ್ತಿರುವ ಪ್ರತಿಯೊಂದು ಬೆಳಗೂ ಪ್ರೇಕ್ಷಕನಿಗೆ ಅಮೂಲ್ಯವಾಗುತ್ತಿತ್ತು. ಬಚ್ಚಿಟ್ಟುದರಿಂದ ದೊರೆತದ್ದು ಒಂದು ಹೊಡೆತ ಮಾತ್ರ.

ಇದಕ್ಕೆ ಹೊರಗೆ ಹೋಲಿಕೆಯಾಗಿಯೂ ಒಳಗೆ ಬೇರೆಯಾಗಿಯೂ ಇರುವುದು ನಾಗರಾಜ ಮಂಜುಳೆಯವರ ಮರಾಠಿ ಚಿತ್ರ ‘ಸೈರಾಟ್’. 2016ರ ಏಪ್ರಿಲ್ 29ರಂದು ತೆರೆಕಂಡ ಈ ಚಿತ್ರವು, ವಿಜಯಪುರದ ಗಡಿಗೆ ತಾಗಿದ ಸೊಲ್ಲಾಪುರ ಜಿಲ್ಲೆಯ ನೆಲದ್ದು. ಮರುವರ್ಷವೇ ಎಸ್. ನಾರಾಯಣ್ ಅವರು ಇದನ್ನು ‘ಮನಸು ಮಲ್ಲಿಗೆ’ ಎಂದು ಕನ್ನಡಕ್ಕೆ ತಂದರು. ಮರಾಠಿಯಲ್ಲಿ ನಾಯಿಕೆಯಾಗಿದ್ದ ರಿಂಕು ರಾಜಗುರುವೇ ಕನ್ನಡದಲ್ಲಿಯೂ ನಟಿಸಿದರು. ಬರ್ಲಿನ್ನಿನ ಚಿತ್ರೋತ್ಸವದಲ್ಲಿ ಎಳೆಯರಿಗೆಂದೇ ಮೀಸಲಾದ ವಿಭಾಗದಲ್ಲಿ ಇದು ಪ್ರದರ್ಶಿತವಾಯಿತೆಂಬುದು ಇಲ್ಲಿ ನೆನೆಯತಕ್ಕದ್ದು.

ಅರ್ಚಿಯು ಊರಾಳುವ ಪಾಟೀಲರ ಮನೆಯ ಮಗಳು. ಪರಶ್ಯಾ ಕೆಳಜಾತಿಯೆನಿಸಿಕೊಂಡ ಮೀನುಗಾರನ ಮಗ. ಚಿತ್ರದ ಪೂರ್ವಾರ್ಧವೆಲ್ಲ ಬಾವಿಯ ಈಜು, ಹೊಲದ ಓಟ, ಅಜಯ್‌-ಅತುಲರ ಹಾಡು. ಉತ್ತರಾರ್ಧದಲ್ಲಿ ಇಬ್ಬರೂ ಹೈದರಾಬಾದಿಗೆ ಓಡಿ, ಕೊಳಚೆಯ ಪಕ್ಕದ ಗುಡಿಸಲಲ್ಲಿ ಬಾಳನ್ನು ಹೂಡುವರು. ದೊಡ್ಡ ಮನೆಯ ಹುಡುಗಿಗೆ ಆ ನಾತ ಸಹಿಸದು. ಅವನಿಗೆ ಸಂಶಯ, ಅವಳಿಗೆ ತವರಿನ ನೆನಪು; ಜಗಳವಾಡಿ ಅಗಲಿ ಮತ್ತೆ ಕೂಡುವರು. ಅವನು ದೋಸೆ ಹುಯ್ದು, ಅವಳು ಕಾರ್ಖಾನೆಯಲ್ಲಿ ದುಡಿದು ನಾಲ್ಕು ಕಾಸು ಕೂಡಿಸುವರು, ಮಗುವಾಗುವುದು. ಪ್ರಣಯಚಿತ್ರಗಳು ಸಾಮಾನ್ಯವಾಗಿ ಮುಗಿಯುವ ಸ್ಥಳದಿಂದ ಈ ಭಾಗವು ಆರಂಭವಾಗುವುದೆಂಬುದೇ ಇದರ ಹಿರಿಮೆ. ಕೊನೆಗೊಂದು ದಿನ ಅಂಗಳದಲ್ಲಿ ರಂಗೋಲಿಯಿಡುತ್ತಿರುವಾಗ ಸಹೋದರನೂ ನಂಟರೂ ತಾಯಿ ಕಳುಹಿಸಿದ ಉಡುಗೊರೆಯನ್ನು ಹಿಡಿದು ಬಂದು ನಿಲ್ಲುವರು. ಆಕೆ ಒಳಗೆ ಕರೆದು ಚಹಾ ಮಾಡಿಕೊಡುವಳು. ನೆರೆಮನೆಯವಳೊಡನೆ ಹೋಗಿದ್ದ ಕೂಸು ಹಿಂದಿರುಗಿದಾಗ ತಂದೆತಾಯಿಗಳು ರಕ್ತದಲ್ಲಿ ಬಿದ್ದಿರುವರು. ಮಗು ಅಳುತ್ತ ಹೊರಕ್ಕೆ ನಡೆಯುವುದು. ಅಳುವಿನ ಸದ್ದು ಪ್ರೇಕ್ಷಕನಿಗೆ ಕೇಳಿಸದು. ನೆಲದ ಮೇಲೆ ಪುಟ್ಟ ಕೆಂಪು ಹೆಜ್ಜೆಗಳು ಉಳಿಯುವುವು.

ಈ ಹೊಡೆತವೂ ಆಕಸ್ಮಿಕವೇ. ಆದರೆ ಇಲ್ಲಿ ಏನನ್ನೂ ಬಚ್ಚಿಟ್ಟಿರಲಿಲ್ಲ. ಇದೇ ಸಹೋದರನು ತರಗತಿಯಲ್ಲಿ ಪಾಠ ಹೇಳುವ ಅಧ್ಯಾಪಕನ ಕೆನ್ನೆಗೆ ಹೊಡೆದುದನ್ನು ಪ್ರೇಕ್ಷಕನು ಕಂಡಿದ್ದನು. ತಂದೆಯ ಅಧಿಕಾರವನ್ನೂ ಹುಡುಗನ ಗೆಳೆಯರಿಗೆ ಬಿದ್ದ ಏಟುಗಳನ್ನೂ ಕಂಡಿದ್ದನು. ಕಂಡರೂ ಮರೆತನು, ಹಾಡು ಮರೆಯಿಸಿತು, ಗುಡಿಸಲಿನ ಬಡತನ ಮರೆಯಿಸಿತು, ಮಗುವಿನ ನಗೆ ಮರೆಯಿಸಿತು. ಅರ್ಚಿಯು ಯಾವ ಆಸೆಯಿಂದ ತಾಯಿಗೆ ದೂರವಾಣಿ ಮಾಡಿದಳೋ ಅದೇ ಆಸೆಯಿಂದ ಪ್ರೇಕ್ಷಕನೂ ಬಾಗಿಲನ್ನು ತೆರೆದನು. ಅರಿಸ್ಟಾಟಲನ ನಿಬಂಧನೆ ಇಲ್ಲಿ ಅಕ್ಷರಶಃ ನೆರವೇರಿದೆ. ವಂಚನೆಯಾಯಿತೆಂದು ದೂರುವ ತರುಣನು, ತನ್ನನ್ನು ವಂಚಿಸಿದವನು ನಿರ್ದೇಶಕನೋ ತನ್ನ ಮರೆವೋ ಎಂದು ಒಂದು ಗಳಿಗೆ ಯೋಚಿಸಬೇಕಾಗುವುದು.

ಹಾಗೆಂದು ಈ ಚಿತ್ರವು ಎಲ್ಲ ದೋಷಗಳಿಂದಲೂ ಮುಕ್ತವೆಂದು ಹೇಳಲಾಗದು. ಇಲ್ಲಿಯ ತೊಡಕು ಕಲೆಯದಲ್ಲ, ಬಾಳಿನದು. ಜಾತಿಯ ಹೊರಗೆ ಮನಸ್ಸು ಕೊಟ್ಟ ಹಳ್ಳಿಯ ಹುಡುಗಿಯು ಈ ಕೊನೆಯನ್ನು ಕಂಡು ಕಲಿಯುವುದೇನು? ತಾಯಿಗೆ ದೂರವಾಣಿ ಮಾಡಬಾರದೆಂಬುದನ್ನೆ? ಕೊಲ್ಲುವವರು ಹಬ್ಬಿಸಬಯಸುವುದೂ ಇದೇ ಭಯವನ್ನು. ಅವರ ಬೆದರಿಕೆಯನ್ನು ಚಿತ್ರವು ಊರೂರಿಗೆ ಹೊತ್ತು ತಿರುಗಿದಂತಾಗಲಿಲ್ಲವೆ? ಪ್ರಾಪ್ತವಯಸ್ಕರು ತಮಗೆ ಬೇಕಾದವರನ್ನು ಮದುವೆಯಾಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಲತಾ ಸಿಂಗ್ ಪ್ರಕರಣದಲ್ಲಿಯೇ ಹೇಳಿತ್ತು. 2018ರ ಮಾರ್ಚ್ 27ರಂದು, ಶಕ್ತಿವಾಹಿನಿ ಪ್ರಕರಣದಲ್ಲಿ, ಜಿಲ್ಲೆಗಳಲ್ಲಿ ವಿಶೇಷ ವಿಭಾಗವಿರಬೇಕು, ಅಂಥ ದಂಪತಿಗಳಿಗೆ ರಕ್ಷಣೆಯನ್ನು ಒದಗಿಸಬೇಕು ಎಂದು ಸರಕಾರಗಳಿಗೆ ಆಜ್ಞಾಪಿಸಿತು. ಚಿತ್ರದಲ್ಲಿ ಈ ದಾರಿಗಳ ಸುಳಿವಿಲ್ಲ. ಇದಕ್ಕೆ ಸಮಾಧಾನವೊಂದೇ: ಸುಳ್ಳು ಧೈರ್ಯವನ್ನು ಕಲಿಸಿ ಕಳುಹಿಸುವ ನೂರು ಪ್ರಣಯಚಿತ್ರಗಳ ನಡುವೆ, ಬಾಗಿಲ ಹೊರಗೆ ಯಾರು ನಿಂತಿರಬಹುದೆಂದು ತಿಳಿಸುವ ಒಂದು ಚಿತ್ರವಿರುವುದು ಅತಿಯಾಗಲಾರದು. ಭಯಕ್ಕೂ ಎಚ್ಚರಕ್ಕೂ ಇರುವ ಅಂತರವನ್ನು ಎಳೆಯರು ಅರಿಯಲಾರರೆಂದು ಮೊದಲೇ ನಿಶ್ಚಯಿಸುವುದು ಅವರನ್ನು ಕಡೆಗಣಿಸಿದಂತೆ.

ಇದರ ಹಿಂದೀ ರೂಪವಾದ ‘ಧಡಕ್’ 2018ರಲ್ಲಿ ಬಂದಿತು. ಮೂಲದ ಕೊನೆಯು ಜಗಜ್ಜಾಹೀರಾಗಿದ್ದುದರಿಂದಲೋ ಏನೋ, ಅಲ್ಲಿ ಗಂಡನನ್ನೂ ಮಗುವನ್ನೂ ಕೊಲ್ಲಿಸಿ ಹೆಂಡತಿಯನ್ನು ಉಳಿಸಿದರು. ಜಾತಿಯ ಮಾತನ್ನು ತೆಳುವಾಗಿಸಿ, ಹೆಣಗಳನ್ನು ಮಾತ್ರ ಅದಲುಬದಲು ಮಾಡಿದುದರಲ್ಲಿ ಯಾವ ಅರ್ಥವಿದೆಯೋ ಅದನ್ನು ಮಾಡಿದವರೇ ಹೇಳಬೇಕು. ಬೇರೇನನ್ನೂ ಹೇಳಲು ಇಲ್ಲದವನು ಬೆಚ್ಚಿಬೀಳಿಸುವುದನ್ನೇ ಕಸುಬು ಮಾಡಿಕೊಳ್ಳುವನು.

ಮನೆಯಲ್ಲಿ ಹಿರಿಯರು ಇಂಥ ಚಿತ್ರಗಳ ಕೊನೆಯನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಬೇಕೆ ಎಂಬುದು ಆಗಾಗ ಚರ್ಚೆಗೆ ಬರುವ ಮಾತು. ಹೇಳಿದರೆ ರಸಭಂಗವಾಯಿತೆಂದು ಮಕ್ಕಳು ಸಿಡುಕುವರು. ಹೇಳದಿದ್ದರೆ ರಾತ್ರಿ ನಿದ್ದೆ ಬಾರದ ಮಗಳ ಪಕ್ಕದಲ್ಲಿ ತಾಯಿಯು ಕೂರಬೇಕಾಗುವುದು. ಇದಕ್ಕೆ ಎಲ್ಲರಿಗೂ ಒಪ್ಪುವ ಕಟ್ಟಳೆಯನ್ನು ಹಾಕುವುದು ಸಾಧ್ಯವಿಲ್ಲ. ಆದರೆ ಹೇಳಿದರೆ ಕೆಡುವ ಚಿತ್ರ ಯಾವುದು, ಕೆಡದ ಚಿತ್ರ ಯಾವುದು ಎಂಬುದನ್ನು ಎರಡನೆಯ ಸಲ ನೋಡುವಾಗ ಕಂಡುಕೊಳ್ಳಬಹುದು. ‘ರಿಮೆಂಬರ್ ಮಿ’ ಚಿತ್ರವನ್ನು ಮತ್ತೆ ನೋಡುವವನು, 1991ರಲ್ಲಿ ಆರಂಭವಾದ ಕಥೆಯು ಹತ್ತು ವರ್ಷ ಮುಂದಕ್ಕೆ ಹಾರಿದುದೇಕೆಂಬ ಲೆಕ್ಕವನ್ನು ಬಿಡಿಸಿ ತಲೆದೂಗುವನು. ‘ಸೈರಾಟ್’ ನೋಡಲು ಮತ್ತೆ ಕುಳಿತವನಿಗಾದರೋ ಶಾಕುಂತಲದ ಪ್ರೇಕ್ಷಕನ ಪದವಿ ದೊರೆಯುವುದು. ಶಾಪವನ್ನು ಅವನು ಕೇಳಿದ್ದಾನೆ, ಆಕೆ ಕೇಳಿಲ್ಲ. ಅಂಗಳದಲ್ಲಿ ಬಗ್ಗಿ ರಂಗೋಲಿಯ ಗೆರೆಯನ್ನು ಎಳೆಯುತ್ತಿರುವಳು. ನೆರಳು ಬಿದ್ದುದನ್ನು ಕಂಡು ತಲೆಯೆತ್ತುವಳು. ಒಳಗೆ ಹೋಗಿ ಒಲೆಯ ಮೇಲೆ ಚಹಾಕ್ಕೆ ನೀರಿಡುವಳು.