ಊರನ್ನು ಬಲ್ಲವರು ಯಾರು?

ನಗರ ಮತ್ತು ಪ್ರಾದೇಶಿಕ ಯೋಜನೆಯಲ್ಲಿ ಪಿಎಚ್.ಡಿ. ಮಾಡಲು, ಯುಜಿಸಿಯ 2022ರ ನಿಯಮದಂತೆ, ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು. ಆಮೇಲೆ ಕನಿಷ್ಠ 3 ವರ್ಷದ ದುಡಿಮೆ, 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್, ಪ್ರತಿ ಸೆಮಿಸ್ಟರ್‌ ಸಲಹಾ ಸಮಿತಿಯ ಮುಂದೆ ವರದಿ. ಹೊರಗಿನ ಇಬ್ಬರು ಪರೀಕ್ಷಕರು ಪ್ರಬಂಧ ಓದುತ್ತಾರೆ, ಕೊನೆಗೆ ವೈವಾ. ಇಷ್ಟು ದಾಟಿದವರು ಒಂದು ಊರನ್ನು ಬಲ್ಲವರೇ?

ಬಸವಕಲ್ಯಾಣದಲ್ಲಿ ನಿಂತು ಕೇಳಿದರೆ ಈ ಪ್ರಶ್ನೆಗೆ ತೂಕ ಹೆಚ್ಚು. ಇಲ್ಲಿನ ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಅಕ್ಕಮಹಾದೇವಿಯನ್ನು ಒರೆಗೆ ಹಚ್ಚಿದ ಪ್ರಸಂಗ ಎಲ್ಲರಿಗೂ ಗೊತ್ತು. ಅದನ್ನು ಹೇಳುವ ಶೂನ್ಯಸಂಪಾದನೆ ರಚನೆಯಾದದ್ದು 15ನೇ ಶತಮಾನದಲ್ಲಿ. ಸಭೆಯ ನಡಾವಳಿಯೆಂದು ಅದನ್ನು ಓದುವಂತಿಲ್ಲ. ಆದರೂ ಶರಣ ಪರಂಪರೆ ಅರಿವನ್ನು ಅಳೆದ ಬಗೆ ಅಲ್ಲಿದೆ. ಅಕ್ಕನಿಗೆ ಎದುರಾದದ್ದು ಓದಿನ ಪ್ರಶ್ನೆಯಲ್ಲ, ನಡೆಯ ಪ್ರಶ್ನೆ: ಉಟ್ಟದ್ದನ್ನು ಬಿಟ್ಟವಳಿಗೆ ಕೂದಲಿನ ಮರೆ ಏಕೆ? ಬಿದ್ದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ಶರಣ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಇಷ್ಟು ಆಸೆ ಏಕೆಂದು ತಡೆದು ಕೇಳಿದವಳು ಹೆಂಡತಿ ಲಕ್ಕಮ್ಮ. ಆ ಪರೀಕ್ಷಕಿಗೆ ಪದವಿ ಇರಲಿಲ್ಲ. ಅಕ್ಕಿ ಬೇಯಿಸುವವಳು ಮಾತ್ರ ಅವಳೇ.

ಯೋಜನೆಯ ಓದಿಗೂ ಇಂಥ ಪರೀಕ್ಷಕಿ ಬೇಕು. ನಕ್ಷತ್ರದ ಮೇಲೆ ಪ್ರಬಂಧ ಬರೆದರೆ ನಕ್ಷತ್ರ ಕದಲದು. ಯೋಜಕ ನಕಾಶೆಯಲ್ಲಿ ಎಳೆದ ಗೆರೆ ಯಾರದೋ ಅಂಗಡಿಯನ್ನು ಕೊಯ್ಯುತ್ತದೆ.

ಹುಮನಾಬಾದನ್ನೇ ನೋಡಿ. ಪುಣೆ–ಹೈದರಾಬಾದ್ ಹೆದ್ದಾರಿಗೆ ಬೀದರ್–ಕಲಬುರಗಿ ರಸ್ತೆ ಕೂಡುವ ಊರು. 2017ರಲ್ಲಿ ಬೀದರ್–ಕಲಬುರಗಿ ರೈಲೂ ಬಂತು. ಸಂಶೋಧಕರಿಗೆ ಇದು ಸಾರಿಗೆಯ ವಿಷಯ. ವೀರಭದ್ರೇಶ್ವರ ಜಾತ್ರೆಯ ದಿನ ಯಾವ ಗಲ್ಲಿ ಕಟ್ಟಿಕೊಳ್ಳುತ್ತದೆ, ಮಾಣಿಕನಗರಕ್ಕೆ ಹೋಗುವ ಭಕ್ತರು ಎಲ್ಲಿ ಇಳಿಯುತ್ತಾರೆ ಎಂಬುದು ಆಟೊದವರಿಗೆ, ತಳ್ಳುಗಾಡಿಯವರಿಗೆ ಗೊತ್ತು. ಅವರ ಮಾತು ಕನ್ನಡ, ಮರಾಠಿ, ದಖನಿ ಉರ್ದು. ಪ್ರಬಂಧ ಹೆಚ್ಚಾಗಿ ಇಂಗ್ಲಿಷಿನಲ್ಲಿ.

ಹಾಗೆಂದು ಊರಿನವನಾದ ಮಾತ್ರಕ್ಕೆ ಊರು ತಿಳಿದುಬಿಡುವುದಿಲ್ಲ. ತನ್ನ ಕಟ್ಟೆ ಉಳಿದರೆ ಸಾಕು, ಚರಂಡಿ ಪಕ್ಕದವನ ಮನೆ ಮುಂದೆ ಹರಿಯಲಿ ಎನ್ನುವವರೂ ಇದ್ದಾರೆ. ಲಕ್ಕಮ್ಮನ ಪ್ರಶ್ನೆ ಅವರಿಗೂ ಸಲ್ಲುತ್ತದೆ. ಇಡೀ ಊರನ್ನು ಒಟ್ಟಿಗೆ ನೋಡಲು ಪಳಗಿದ ಕಣ್ಣು ಬೇಕೇ ಬೇಕು.

ಆದರೆ ಆ ಕಣ್ಣನ್ನು ಪರೀಕ್ಷಿಸುವವರು ಯಾರು? ಮಾಸ್ಟರ್ ಪ್ಲಾನ್ ಮಾಡಿದರೆ ಜನರ ಅಭಿಪ್ರಾಯ ಕರೆಯಲೇಬೇಕೆಂದು ಕರ್ನಾಟಕದ 1961ರ ಯೋಜನಾ ಕಾಯ್ದೆ ಹೇಳುತ್ತದೆ. ಆದರೆ ಪಿಎಚ್.ಡಿ. ವೈವಾದ ಬಾಗಿಲು ತೆರೆದಿರುವುದು ಅಧ್ಯಾಪಕರಿಗೆ, ಸಂಶೋಧಕರಿಗೆ, ವಿದ್ಯಾರ್ಥಿಗಳಿಗೆ; ಊರಿನವರಿಗಲ್ಲ. ವಿಶ್ವವಿದ್ಯಾಲಯಗಳು ಇನ್ನೊಂದು ಷರತ್ತು ಸೇರಿಸಲಿ: ಪ್ರಬಂಧ ಸಲ್ಲಿಸುವ ಮುನ್ನ ಅದರ ಸಾರವನ್ನು ಹುಮನಾಬಾದಿನ ಪುರಸಭೆಯಲ್ಲೋ ಬಸವಕಲ್ಯಾಣದ ನಗರಸಭೆಯಲ್ಲೋ ಕನ್ನಡದಲ್ಲಿ ಹೇಳಿ, ಎದ್ದ ಪ್ರಶ್ನೆಗಳನ್ನೂ ಕೊಟ್ಟ ಉತ್ತರಗಳನ್ನೂ ಪ್ರಬಂಧಕ್ಕೆ ಲಗತ್ತಿಸಬೇಕು.