ಟಿಕೆಟ್ ಇಲ್ಲದ ಬುತ್ತಿ

ಮಗನ ಬುತ್ತಿ ಹೋಗುತ್ತಿದ್ದ ಬೆಳಗಿನ ಗಾಡಿಗೇ ಈಗ ಮೊಮ್ಮಗಳ ಬುತ್ತಿ ಹೋಗುತ್ತದೆ, ಆಲಮೇಲದಿಂದ ಸಿಂದಗಿ ಮೇಲೆ ವಿಜಯಪುರಕ್ಕೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. “ಅಣ್ಣಾರ, ಬುತ್ತಿ ಐತ್ರಿ” ಅಂದರೆ ಸಾಕು, ಬಾನೆಟ್ ಪಕ್ಕ ಜಾಗ ಸಿಗುತ್ತದೆ. ಸಂಜೆ ಗಾಡಿಗೆ ಖಾಲಿ ಡಬ್ಬಿ ವಾಪಸು. ದುಡ್ಡು ಯಾರೂ ಕೇಳುವುದಿಲ್ಲ. ಈ ಸೀಮೆಯ ಎಷ್ಟೋ ಹುಡುಗರು ಓದಿದ್ದೇ ಹೀಗೆ.

ನಮ್ಮ ಮನೆಯವರು ಇದಕ್ಕೆ ದಾಸೋಹ ಅನ್ನುತ್ತಾರೆ. ನನಗೆ ಅನುಮಾನ. ಗಾಡಿ ಕಂಡಕ್ಟರನದಲ್ಲ, ಸಾರಿಗೆ ನಿಗಮದ್ದು. ಇನ್ನೊಬ್ಬರದನ್ನು ಕೊಟ್ಟರೆ ಅದು ದಾಸೋಹವೆ? ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಮೇಲೂ ಇದೇ ದೂರು ಬಂದಿತ್ತಲ್ಲ, ಬಿಜ್ಜಳನ ಭಂಡಾರವನ್ನು ಜಂಗಮರಿಗೆ ಸುರಿಯುತ್ತಾನೆಂದು. ಪುರಾಣದಲ್ಲಿ ಎಣಿಸಿ ನೋಡಿದರೆ ಹೊನ್ನು ಸರಿಯಾಗಿರುತ್ತದೆ. ಪವಾಡ ಎಂದು ಕೈಮುಗಿದು ಮುಂದೆ ಹೋಗುವವರೇ ಹೆಚ್ಚು. ನನಗೆ ಅಲ್ಲಿ ಮುಖ್ಯವಾಗಿ ಕಾಣುವುದು ಎಣಿಕೆಯೇ. ಭಕ್ತಿಯ ನೆಪ ಹೇಳಿ ಯಾರೂ ಅದನ್ನು ತಪ್ಪಿಸಿಕೊಳ್ಳಲಿಲ್ಲ.

ಈಗ ಗಾಡಿಯ ಜಾಗಕ್ಕೂ ಅಂಥ ಎಣಿಕೆ ಬಂದಿದೆ. 2021ರ ಫೆಬ್ರುವರಿ 26ಕ್ಕೆ ಸಾರಿಗೆ ನಿಗಮಗಳು ‘ನಮ್ಮ ಕಾರ್ಗೊ’ ತಂದವು. ಜನ ಕೂಡುವ ಗಾಡಿಯಲ್ಲೇ ಪಾರ್ಸೆಲ್ಲು, ತೂಕ ಹಚ್ಚಿ ದರ, ಕೈಗೆ ರಸೀದಿ. ಹೇಗೂ ಓಡುವ ಗಾಡಿ, ಖಾಲಿ ಉಳಿಯುವ ಜಾಗ. ಸೇವೆ ಹೋಗಿ ವ್ಯಾಪಾರ ಬಂತು ಎಂದು ಗೊಣಗಿದವರನ್ನು ನಾನು ಒಪ್ಪುವುದಿಲ್ಲ. ಕಾಸು ಮುಟ್ಟಿದ್ದಕ್ಕೇ ಕಾಯಕ ಕೆಡುವುದಾದರೆ ಸೌದೆ ಮಾರಿ ಬದುಕಿದ ಮೋಳಿಗೆಯ ಮಾರಯ್ಯ ಶರಣನಾಗುತ್ತಿರಲಿಲ್ಲ.

ಹಾಗಾದರೆ ಬುತ್ತಿ ಯಾರ ಲೆಕ್ಕಕ್ಕೆ? ಟಿಕೆಟ್ ಇದ್ದವರು 30 ಕಿಲೊ ಸಾಮಾನು ಪುಕ್ಕಟೆ ಒಯ್ಯಬಹುದು ಎಂಬುದು ನಿಯಮ. ಗಾಡಿ ತುಂಬ ಜನ, ಎಷ್ಟೋ ಮಂದಿ ಬರಿಗೈಲಿ ಬರುತ್ತಾರೆ. ಅವರು ಬಳಸದೆ ಬಿಟ್ಟ ಪಾಲಿನ ಮೇಲೆ ನನ್ನ ರೊಟ್ಟಿ ಪ್ರಯಾಣ ಮಾಡುತ್ತದೆ. ತಪಾಸಣೆಯವರು ಹತ್ತಿದರೆ ಉತ್ತರ ಕೊಡಬೇಕಾದವನು ಕಂಡಕ್ಟರ್, ಅಷ್ಟು ಅವನ ಪಾಲು. ಉಳಿದದ್ದು ಕಾಲು ಮಡಚಿ ಕೂತವರದು. ಅವರನ್ನು ನಾನು ಕೇಳಿದವಳಲ್ಲ.

2023ರ ಜೂನಿನಲ್ಲಿ ಹೆಂಗಸರಿಗೆ ಬಸ್ ಪುಕ್ಕಟೆ ಮಾಡಿದ ‘ಶಕ್ತಿ’ ಯೋಜನೆ ಬಂದ ಮೇಲೆ ಬೆಳಗಿನ ಗಾಡಿಯಲ್ಲಿ ಹೆಂಗಸರೇ ಹೆಚ್ಚು. ಬಾನೆಟ್ ಬಳಿ ಜಾಗವಿಲ್ಲದಿದ್ದರೆ ಯಾರೋ ಕೈ ಚಾಚುತ್ತಾರೆ: “ತಾರವ್ವ, ನನ್ನ ತೊಡಿ ಮ್ಯಾಲ ಇರ್ಲಿ.” ಇಂಡಿ ಕಡೆಯ ನಿಂಬೆಹಣ್ಣಿನ ಚೀಲಕ್ಕೆ ಯಾರೂ ಹೀಗೆ ತೊಡೆ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಮಾರುವ ಸರಕು ರಸೀದಿ ಹರಿಸಿಕೊಂಡು ಹೋಗಲಿ. ಬುತ್ತಿಗೂ ಹರಿಸು ಎಂದು ಆ ಕೂತವರಲ್ಲಿ ಒಬ್ಬರು ಅಂದರೂ ಸಾಕು, ಮರುದಿನವೇ ಹರಿಸುತ್ತೇನೆ.